ಮನೇಲಿ ಕೂತು ಕೆಲಸ ಕಲಿಯೋಕಾಗುತ್ತಾ?

"ಅಕ್ಕಾ, ಮನ್ಯಾಗ ಕುಂತು ಕೆಲ್ಸ ಕಲೀಲಿಕ್ಕೆ ಆಗ್ತದೇನ್ರಿ?"

ನಮ್ಮ ಓಣಿಯ ಇಂಜಿನಿಯರಿಂಗ್ ಹುಡುಗರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ಕೆಲಸ ಮಾಡಬಹುದು ಅಂತ ಅವರಿಗೆ ಗೊತ್ತು. ನಾನು ರಾಯಚೂರಿನಲ್ಲೇ ಕೂತು ಮಾಡುವುದನ್ನು ದಿನಾ ನೋಡುತ್ತಾರೆ. ಅನುಮಾನ ಇರೋದು ಕಲಿಯೋದರ ಬಗ್ಗೆ.

ನನಗೂ ಇತ್ತು. 2020ರ ಮಾರ್ಚ್‌ನಲ್ಲಿ, ರೈಲು ನಿಲ್ಲುವುದಕ್ಕೆ ಎರಡು ದಿನ ಮೊದಲು, ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಬಂದೆ. ಕೈಯಲ್ಲಿ ಕಂಪನಿಯ ಲ್ಯಾಪ್‌ಟಾಪ್, ಎರಡು ವಾರಕ್ಕೆಂದು ನಾಲ್ಕು ಜೊತೆ ಬಟ್ಟೆ. ಕೆಲಸಕ್ಕೆ ಸೇರಿ ಆಗಿನ್ನೂ ಏಳು ತಿಂಗಳು. ಆಫೀಸಿನಲ್ಲಿ ಏನಾದರೂ ತಿಳಿಯದಿದ್ದರೆ ಕುರ್ಚಿ ತಿರುಗಿಸಿ ಪಕ್ಕದ ಸೀನಿಯರ್ ಮೇಡಂನ ಕೇಳಿದರೆ ಮುಗೀತು. ಊರಿಗೆ ಬಂದ ಮೇಲೆ ಅದೇ ಪ್ರಶ್ನೆಗೆ ಅರ್ಧ ಗಂಟೆಯ ಮೀಟಿಂಗ್. ಜೂಮ್ ಮೀಟಿಂಗ್‌ಗೆ ಸೇರುವವರ ಲೆಕ್ಕ 2019ರ ಡಿಸೆಂಬರ್‌ನಲ್ಲಿ ದಿನಕ್ಕೆ ಸುಮಾರು 1 ಕೋಟಿ ಇದ್ದದ್ದು 2020ರ ಏಪ್ರಿಲ್ ಹೊತ್ತಿಗೆ 30 ಕೋಟಿ ಆಗಿತ್ತು. ಒಬ್ಬರೇ ಐದು ಮೀಟಿಂಗ್‌ಗೆ ಹೋದರೆ ಐದು ಅಂತ ಲೆಕ್ಕ. ನನ್ನದೇ ದಿನಕ್ಕೆ ಆರೇಳು ಇರುತ್ತಿತ್ತು!

ಅಷ್ಟು ಕೂತರೂ ತಲೆಗೆ ಹತ್ತಿದ್ದು ಕಡಿಮೆ. ದಾರಿ ತೋರಿಸಿದ್ದು ಹೋದ ಕರೆಂಟು.

ಇಲ್ಲೇ ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1720 ಮೆಗಾವಾಟ್‌ನ ವಿದ್ಯುತ್ ಕೇಂದ್ರ ಇದೆ. ಬೂದಿ ನಮಗೆ, ಕರೆಂಟ್ ಬೆಂಗಳೂರಿಗೆ ಅಂತ ಅಪ್ಪ ಗೊಣಗುತ್ತಾರೆ. ಮೇ ತಿಂಗಳ ಒಂದು ಮಧ್ಯಾಹ್ನ ಮೇಡಂ ಒಂದು ಎರರ್ ಬಗ್ಗೆ ಹೇಳುತ್ತಿದ್ದಾಗಲೇ ಫ್ಯಾನ್ ನಿಂತಿತು, ರೌಟರ್ ದೀಪ ಆರಿತು. ಮೊಬೈಲ್ ಸಿಗ್ನಲ್‌ಗೆ ಮಾಳಿಗೆ ಹತ್ತಬೇಕು. ಅಂಗಾಲು ಸುಡುತ್ತಿತ್ತು. ನೀರಿನ ಟ್ಯಾಂಕಿನ ನೆರಳಲ್ಲಿ ಮುದುಡಿ ಕೂತು ಮೆಸೇಜ್ ಹಾಕಿದೆ: "ಮೇಡಂ, ಅರ್ಧ ಕೇಳಿಸಲಿಲ್ಲ. ಬರೆದು ಕಳಿಸ್ತೀರಾ?" ಹನ್ನೊಂದು ಸಾಲು ಬಂತು. ಏನು ಕೆಟ್ಟಿದೆ, ಎಲ್ಲಿ ನೋಡಬೇಕು, ಯಾವುದನ್ನು ಮುಟ್ಟಬಾರದು. ಮುಂದಿನ ತಿಂಗಳು ಅದೇ ಎರರ್ ಬಂದಾಗ ಯಾರನ್ನೂ ಕೇಳದೆ ಸರಿಮಾಡಿದೆ. ಆಮೇಲೆ ಪುಣೆಯ ಹುಡುಗಿಯೊಬ್ಬಳಿಗೂ ಅದೇ ಹನ್ನೊಂದು ಸಾಲು ಸಾಕಾಯಿತು.

ಅಲ್ಲಿಂದ ನಮ್ಮ ಟೀಮಿನಲ್ಲಿ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಡುವ ರೂಢಿ ಬಂತು. ಕೇಳುವವರೂ ಅಷ್ಟೇ, ಏನೇನು ಮಾಡಿ ನೋಡಿದಿರಿ ಅಂತ ಮೊದಲು ಬರೆಯಬೇಕು. ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆದುಬಿಡುತ್ತದೆ. ಹೊಸದೇನಲ್ಲ ಬಿಡಿ. 1991ರಲ್ಲಿ ಶುರುವಾದ, ಕಂಪ್ಯೂಟರ್ ನಡೆಸುವ ಲಿನಕ್ಸ್ ಅನ್ನೋ ಸಾಫ್ಟ್‌ವೇರನ್ನು ಬೆಳೆಸಿದವರು ಬೇರೆ ಬೇರೆ ದೇಶಗಳಲ್ಲಿ ಕೂತು, ಹೆಚ್ಚಾಗಿ ಇಮೇಲ್‌ನಲ್ಲೇ ಕೆಲಸ ಮಾಡಿದವರು. ಕೋಡ್‌ನಲ್ಲಿ ಯಾರು ಏನು ಬದಲಿಸಿದರು ಅಂತ ಲೆಕ್ಕ ಇಡುವ ಗಿಟ್ 2005ರಲ್ಲಿ ಹುಟ್ಟಿದ್ದೂ ಅವರ ಕೆಲಸಕ್ಕಾಗಿಯೇ. ನಮ್ಮ ಮ್ಯಾನೇಜರ್‌ಗಳು ಇದನ್ನು ನಂಬಲು ಕೋವಿಡ್ ಬರಬೇಕಾಯಿತು.

ಆದರೆ ಬರವಣಿಗೆಗೆ ಸಿಗದ್ದೂ ಇದೆ. 2021ರಲ್ಲಿ ನಮ್ಮಲ್ಲಿ ಸೇರಿದ ಹುಡುಗನಿಗೆ ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಹೋಯಿತು. ಅದು ಪಾಸ್‌ವರ್ಡ್ ತೊಗೊಳ್ಳಲಿಲ್ಲ ಅಂತ ಮೂರು ದಿನ ಸುಮ್ನೆ ಕೂತಿದ್ದನಂತೆ. ಯಾರನ್ನು ಕೇಳಬೇಕೋ ಗೊತ್ತಿಲ್ಲ, ಕೇಳಲು ಸಂಕೋಚ ಬೇರೆ. ಆಫೀಸಾಗಿದ್ದರೆ ಮುಖ ನೋಡಿಯೇ ಯಾರಾದರೂ "ಏನಾಯ್ತೋ?" ಅನ್ನುತ್ತಿದ್ದರು, ಅಲ್ವಾ?

ಅದಕ್ಕೇ ಹುಡುಗರಿಗೆ ಹೇಳುತ್ತೇನೆ: ಮೊದಲ ಒಂದು ವರ್ಷ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ. ನಮಗೆ ಹೈದರಾಬಾದೇ ಹತ್ತಿರ. ಆಮೇಲೆ ಊರಿಗೆ ಬಂದರೂ ಕಲಿಯೋದು ನಿಲ್ಲುವುದಿಲ್ಲ. "ಅಕ್ಕಾ, ಒಂದು ಡೌಟ್" ಅಂತ ವಾಟ್ಸಾಪ್ ಮಾಡಿ ಸುಮ್ಮನಾಗುವುದನ್ನು ಮಾತ್ರ ಈಗಲೇ ಬಿಡಿ, ಆ ಡೌಟನ್ನೇ ಬರೆಯಿರಿ. ಮತ್ತೆ ಇನ್ವರ್ಟರ್ ತೊಗೊಳ್ಳೋದಾದರೆ ಏಪ್ರಿಲ್‌ಗೆ ಮೊದಲೇ ತೊಗೊಳ್ಳಿ.