ವೀರಗಲ್ಲು ದಾಖಲೆ: ತೋಟದಂಚಿನ ಕಲ್ಲು

ಬೇಲೂರು ಸುತ್ತಲಿನ ವೀರಗಲ್ಲುಗಳ ಫೋಟೋ ತೆಗೆದು ತ್ರೀಡಿ ಮಾದರಿ ಮಾಡುವ ಕೆಲಸ ಕಾಫಿ ತೋಟದಂಚಿನ ಒಂದು ಕಲ್ಲಿಗೆ ಬಂದಿದೆ. ಹಗಲಲ್ಲಿ ನೋಡಿದರೆ ಪಾಚಿ ಹಿಡಿದ ಬಂಡೆ, ಅಷ್ಟೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೇ ಹಿಡಿದು ಓರೆಯಾಗಿ ಬೆಳಕು ಬಿಟ್ಟೆ. ಬಿಲ್ಲು, ಗುರಾಣಿ, ಹಿಂದೆ ಸಾಲಾಗಿ ನಿಂತ ದನಗಳು, ಎಲ್ಲ ಎದ್ದು ಕಂಡವು. ಅಪರಾಧ ನಡೆದ ಜಾಗದಲ್ಲಿ ಹೆಜ್ಜೆಗುರುತು ಹುಡುಕುವವರೂ ಹೀಗೇ ಓರೆ ಬೆಳಕು ಬಿಡುತ್ತಾರೆ.

ದನಗಳಿವೆ ಅಂದರೆ ಇದು ತುರುಗಾಳಗದ, ಅಂದರೆ ದನಗಳಿಗಾಗಿ ನಡೆದ ಕಾಳಗದ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. "ನಮ್ಮೂರ ದನ ಬಿಡಿಸೋಕೆ ಹೋಗಿ ಸತ್ತೋನು ಸಾರ್" ಎಂದರು ತೋಟದ ಯಜಮಾನರು. ಹೆಸರು ಯಾರಿಗೂ ನೆನಪಿಲ್ಲ.

ಆದರೆ ಕಲ್ಲು ಹೇಳುವುದು ಊರವರು ಅವನನ್ನು ಹೇಗೆ ನೆನೆಯಬೇಕು ಅಂದುಕೊಂಡರೋ ಅದನ್ನು. ಅವನು ನಿಜಕ್ಕೂ ಹೇಗೆ ಸತ್ತ ಅನ್ನುವುದನ್ನು ಮೂಳೆಯೇ ಹೇಳಬೇಕು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಜಿಯನ್ನೇ ನೋಡಿ. ಸುಮಾರು 5,300 ವರ್ಷ ಹಿಂದಿನ ಮನುಷ್ಯ. ಅವನ ಎಡಭುಜದೊಳಗೆ ಬಾಣದ ಮೊನೆ ಇರುವುದು 2001ರಲ್ಲಿ ಎಕ್ಸ್‌ರೇಯಲ್ಲಿ ಕಂಡಿತು. ಹಲ್ಲಿನ ಎನಾಮಲ್ ಬಾಲ್ಯದಲ್ಲೇ ಮೂಡಿ ಆಮೇಲೆ ಬದಲಾಗುವುದಿಲ್ಲ. ಅವನು ಯಾವ ಕಣಿವೆಯ ನೀರು ಕುಡಿದು ಬೆಳೆದ ಅನ್ನುವ ಸುಳಿವು ಅದರಲ್ಲಿತ್ತು. ಕರುಳಿನಲ್ಲಿದ್ದ ಹೂವಿನ ಪರಾಗದಿಂದ ಸತ್ತ ಕಾಲ ವಸಂತದ ಕೊನೆ, ಬೇಸಿಗೆಯ ಶುರು ಎಂದು ತಿಳಿಯಿತು. ಎಂಥಾ ಅದ್ಭುತ ಅಲ್ವಾ!

ನಮ್ಮ ಮಲೆನಾಡಿನಲ್ಲಿ ಆ ಭಾಗ್ಯ ಕಡಿಮೆ. ಮಳೆ ಜಾಸ್ತಿ, ಮಣ್ಣಿನಲ್ಲಿ ಆಮ್ಲದ ಅಂಶವೂ ಜಾಸ್ತಿ, ಮೂಳೆ ಕರಗಿಹೋಗುತ್ತದೆ. ಹಾಗಾಗಿ ನನಗೆ ಈ ಕಲ್ಲುಗಳ ಒಂದೊಂದು ಗೆರೆಯೂ ಮುಖ್ಯ.

ಫೋಟೋಗಳನ್ನು ಒಂದರ ಮೇಲೊಂದು ಮುಕ್ಕಾಲು ಭಾಗ ಬರುವಂತೆ ತೆಗೆದು ಮೆಶ್‌ರೂಮ್ ತಂತ್ರಾಂಶಕ್ಕೆ ಹಾಕಿದೆ. ಅಳತೆಗೆ ಪಕ್ಕದಲ್ಲೊಂದು ಸ್ಕೇಲ್ ಇಟ್ಟಿದ್ದೆ. ಮಾದರಿಯಿಂದ ಬಣ್ಣ ತೆಗೆದ ಮೇಲೆ ಪಟ್ಟಿಗಳ ನಡುವೆ ಸವೆದ ಅಕ್ಷರಗಳೂ ಕಂಡವು. ಕಲ್ಲಿಗೆ ಸೀಮೆಸುಣ್ಣ ಬಳಿದಿಲ್ಲ, ಪಾಚಿ ಕೆರೆದಿಲ್ಲ. ದಯವಿಟ್ಟು ನೀವೂ ಹಾಗೆ ಮಾಡಬೇಡಿ.

ಕಲ್ಲಿನ ಬುಡ ಮಣ್ಣಿನಲ್ಲಿ ಹೂತಿದೆ. ಅಗೆದು ತೋರಿಸಲಾ ಎಂದು ಯಜಮಾನರು ಕೇಳಿದರು. ಬೇಡ ಅಂದೆ. ಮಣ್ಣಿನ ಪದರ ಒಮ್ಮೆ ಕಲಸಿಹೋದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಲೆಕ್ಕವೇ ತಪ್ಪುತ್ತದೆ. ಪುರಾತತ್ವ ಇಲಾಖೆಗೆ ಫೋಟೋ ಸಮೇತ ಪತ್ರ ಬರೆದಿದ್ದೇನೆ. ಮುಂದಿನ ಕೆಲಸ, ಆ ಅಕ್ಷರಗಳನ್ನು 1902ರಲ್ಲಿ ಅಚ್ಚಾದ ಹಾಸನ ಜಿಲ್ಲೆಯ ಶಾಸನ ಸಂಪುಟದ ಜೊತೆ ಹೋಲಿಸಿ ನೋಡುವುದು.