ಪೈಸೆ ತಾಳೆಯಾಗದಾಗ

ಇಂದು ನಮ್ಮ ಬಿಲ್ಲಿಂಗ್ ತಂತ್ರಾಂಶದಲ್ಲಿ ಸಾವಿರಾರು ಸಾಲುಗಳ ಮೊತ್ತ ಕೆಲವು ಪೈಸೆಗಳಷ್ಟು ತಾಳೆಯಾಗದಿದ್ದಾಗ, 0.1 ಎಂಬ ದಶಮಾಂಶವನ್ನು ಕಂಪ್ಯೂಟರ್ ಬಳಸುವ, 0 ಮತ್ತು 1 ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಬರೆಯಲು ಸಾಧ್ಯವೇ ಇಲ್ಲವೆಂದು ಕಾಲೇಜಿನಲ್ಲಿ ನಮ್ಮ ಮೇಡಂ ಹಂತಹಂತವಾಗಿ ಬಿಡಿಸಿ ತೋರಿಸಿದ್ದ ಪಾಠವೇ ಕೈಹಿಡಿಯಿತು. 0.1ಕ್ಕೆ 0.2 ಕೂಡಿಸಿದರೆ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ 0.3ರ ಬದಲು 0.30000000000000004 ಎಂದು ತೋರಿಸುತ್ತದೆ. ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಇಟ್ಟೊಡನೆ ಲೆಕ್ಕ ಸರಿಹೋಯಿತು. ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಸಾಧನ), ಕ್ಲೌಡ್ (ಅಂತರ್ಜಾಲದ ಮೂಲಕ ಬಳಸುವ ಕಂಪ್ಯೂಟರ್ ಸೇವೆ) ಮುಂತಾದವನ್ನೆಲ್ಲ ನಾನು ಕಲಿತದ್ದು ಕೆಲಸ ಮಾಡುತ್ತಲೇ, ಮತ್ತು ಕಂಪ್ಯೂಟರ್ ಪದವಿಯಿಲ್ಲದೆಯೂ ಅತ್ಯುತ್ತಮ ಕೋಡ್ ಬರೆಯುವ ಸಹೋದ್ಯೋಗಿಗಳು ನಮ್ಮಲ್ಲಿದ್ದಾರೆ. ಆದರೆ 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಮಂಡಿಸಿದ, ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸುವ ರಿಲೇಷನಲ್ ಮಾದರಿ, ಕಂಪ್ಯೂಟರ್ ಇಂಥ ಭಿನ್ನ ಸಂಖ್ಯೆಗಳನ್ನು ಹೇಗೆ ಇಡಬೇಕೆಂದು ಹೇಳುವ 1985ರ ಐಇಇಇ 754 ಮಾನಕ ಇವೆಲ್ಲ ಇಂದಿಗೂ ನಮ್ಮ ದಿನನಿತ್ಯದ ಕೆಲಸದ ತಳಹದಿಯಲ್ಲಿವೆ. ಪರೀಕ್ಷೆಗಾಗಿ ಉರುಹೊಡೆಸದೆ ಇವುಗಳ ಕಾರಣವನ್ನು ತಿಳಿಸಿಕೊಡುವ ಅಧ್ಯಾಪಕರು ಸಣ್ಣ ಊರುಗಳ ಕಾಲೇಜುಗಳಿಗೂ ದೊರೆಯಬೇಕೆಂದು ಮನಸಾರೆ ಬಯಸುತ್ತೇನೆ.