ಮೇಗರವಳ್ಳಿ ದಾಟಿ ನಿಂತ ಗಾಡಿ

ಮೂರು ದಿನದ ತಿರುಗಾಟದಲ್ಲಿ ಬರೆಯುವಂಥದ್ದು ಇರುವುದು ಎರಡೂವರೆ ಗಂಟೆ ಮಾತ್ರ. ಅದೂ ಗಾಡಿ ಕೆಟ್ಟು ನಿಂತ ಎರಡೂವರೆ ಗಂಟೆ.

ಉಳಿದದ್ದನ್ನು ಬೇಗ ಮುಗಿಸಿಬಿಡುತ್ತೇನೆ. ಸೆಪ್ಟೆಂಬರ್ ತಿಂಗಳು, ಮಳೆ ಹೋಗಿಯೂ ಹೋಗದ ಹೊತ್ತು. ಶಿವಮೊಗ್ಗದಿಂದ ಬೆಳಿಗ್ಗೆ ಹೊರಟು ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಿದೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಬಟ್ಟೆ ಒಣಹಾಕಿದ ಹಾಗೆ ಕೂತಿದ್ದವು. ಆಗುಂಬೆಯ ಸೂರ್ಯಾಸ್ತ ಕಾಣಲಿಲ್ಲ. ಮೋಡಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುವವರು ಮಾತ್ರ ಚೆನ್ನಾಗಿ ಕಂಡರು. ಶೃಂಗೇರಿಯಲ್ಲಿ ದರ್ಶನ, ಊಟ, ವಾಪಸ್. ಅಷ್ಟೇ.

ನನ್ನದು 1979ರ ಯೆಜ್ಡಿ 250 ಬೈಕು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ ಹೆಸರಲ್ಲಿ, 1973ರಿಂದ ಯೆಜ್ಡಿ ಹೆಸರಲ್ಲಿ ಗಾಡಿಗಳನ್ನು ಮಾಡಿದ ಕಾರ್ಖಾನೆಗೆ 1996ರಲ್ಲಿ ಬೀಗ ಬಿತ್ತು. ಆಮೇಲಿಂದ ನಮ್ಮಂಥವರಿಗೆ ಬಿಡಿಭಾಗ ಸಿಗುವುದು ಗುಜರಿಯಲ್ಲಿ, ಗುರುತಿನವರ ಅಟ್ಟದಲ್ಲಿ, ಇಲ್ಲವೇ ಹಣೆಯಲ್ಲಿ ಬರೆದಿದ್ದರೆ. ಇದರ ಕಿಕ್ಕರೇ ಗೇರೂ ಹೌದು. ಎಡಗಡೆಯ ಆ ಒಂದೇ ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಗೇರು. ಗೊತ್ತಿಲ್ಲದವರು ಕಿಕ್ಕರ್ ಹುಡುಕುತ್ತಾ ಗಾಡಿಗೆ ಪ್ರದಕ್ಷಿಣೆ ಹಾಕುವುದನ್ನು ನೋಡುವುದೇ ಒಂದು ಸುಖ.

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಮೇಗರವಳ್ಳಿ ದಾಟಿ ಸ್ವಲ್ಪ ದೂರ ಹೋಗಿದ್ದೆ. ಸಣ್ಣ ಮಳೆ. ಎರಡು ಸಲ ಮುಕ್ಕಿರಿದು ಗಾಡಿ ನಿಂತಿತು. ಪ್ಲಗ್ ಬಿಚ್ಚಿ ಇಂಜಿನ್‌ಗೆ ತಾಗಿಸಿ ಕಿಕ್ ಹೊಡೆದೆ, ಕಿಡಿ ಇಲ್ಲ. ಇನ್ನೊಂದು ಪ್ಲಗ್ ಹಾಕಿದೆ, ಅದರಲ್ಲೂ ಇಲ್ಲ. ತೋಟದ ದಾರಿಯಿಂದ ಒಬ್ಬರು ಹತ್ತಿ ಬಂದರು. ತಲೆಗೆ ಹಾಳೆ ಟೋಪಿ, ಸೊಂಟದಲ್ಲಿ ಕತ್ತಿ, ವಯಸ್ಸು ಎಪ್ಪತ್ತರ ಆಚೆ.

"ಯೆಜ್ಡಿ ಅಲ್ದಾ? ಆ ತಿರುವಲ್ಲೇ ಕೇಳ್ತಿತ್ತು. ಮಿಸ್ ಹೊಡೀತಿದೆ ಅಂದ್ಕಂಡೆ, ಅಷ್ಟರಲ್ಲಿ ನಿಲ್ತು."

"ಕರೆಂಟೇ ಬರ್ತಿಲ್ಲ ಯಜಮಾನ್ರೆ."

"ಪಾಯಿಂಟ್ ನೋಡಿದ್ರಾ?"

"ಮೊನ್ನೆ ತಾನೇ ಸರ್ವೀಸ್ ಮಾಡಿಸಿದ್ದು."

"ಅದಕ್ಕೇ ಕೇಳಿದ್ದು ಮಾರಾಯ್ರೆ."

ಇಬ್ಬರೂ ಸೇರಿ ಅವರ ಅಂಗಳದವರೆಗೆ ತಳ್ಳಿದೆವು. ಮಾಡಿನ ಕೆಳಗೆ ನಿಲ್ಲಿಸಿ ಬಲಗಡೆಯ ಮುಚ್ಚಳ ನೋಡಿದರೆ ಎರಡು ಸ್ಕ್ರೂ ಇರಬೇಕಾದಲ್ಲಿ ಒಂದೇ ಇದೆ. ಒಳಗೆ ನೀರು. ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟಿನ ಸ್ಕ್ರೂ ಸಡಿಲವಾಗಿ ಗ್ಯಾಪೇ ಮುಚ್ಚಿಹೋಗಿದೆ. ಫುಲ್ ಸರ್ವೀಸ್ ಎಂದು 1,800 ರೂಪಾಯಿ ಎಣಿಸಿಕೊಂಡವನ ಮುಖ ಕಣ್ಣಮುಂದೆ ಬಂತು. ಆ ಸಿಟ್ಟು ಈಗಲೂ ಇಳಿದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ: ಹಳೇ ಗಾಡಿಯನ್ನು ಯಾರ ಕೈಗೆ ಕೊಟ್ಟರೂ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರಿ. ಸ್ಕ್ರೂ ಎಣಿಸಿಕೊಳ್ಳಿ. ಪೆಟ್ರೋಲಿಗೆ ಬೆರೆಸುವ ಟು-ಟಿ ಎಣ್ಣೆ ನಿಮ್ಮದೇ ಇರಲಿ, ಈಗಿನ ಬಂಕ್‌ಗಳನ್ನು ನಂಬಿ ಹೊರಡಬೇಡಿ. ಮೊದಲು ಎಣ್ಣೆ ಸುರಿದು ಆಮೇಲೆ ಪೆಟ್ರೋಲ್ ಹಾಕಿಸಿದರೆ ತಾನೇ ಬೆರೆಯುತ್ತದೆ. ನಾನು ಲೀಟರಿಗೆ 40 ಮಿಲಿ ಹಾಕುತ್ತೇನೆ.

ಯಜಮಾನರು ಒಳಗಿನಿಂದ ಒಂದು ಮದುವೆ ಕಾಗದ ತಂದು ಮೂಲೆ ಹರಿದರು. "ಈ ಮದುವೆ ಆಗಿಹೋಯ್ತು, ಅಡ್ಡಿಲ್ಲ." ಅದನ್ನು ಪಾಯಿಂಟಿನ ನಡುವೆ ತೂರಿಸಿ ಎಳೆದು ಒರೆಸಿದರು. ಆಮೇಲೆ ಇನ್ನೊಂದು ಚೂರು ಹರಿದು ಅದರ ದಪ್ಪಕ್ಕೇ ಗ್ಯಾಪ್ ಇಟ್ಟು ಸ್ಕ್ರೂ ಬಿಗಿದರು. 0.4 ಮಿಲಿಮೀಟರ್ ಇರಬೇಕು. ರಾತ್ರಿ ಲಾಡ್ಜಿನಲ್ಲಿ ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ ನೋಡಿದೆ, ಅಷ್ಟೇ ಇತ್ತು.

ಆದರೆ ಆಗಲೇ ಸ್ಟಾರ್ಟ್ ಮಾಡಲು ಬಿಡಲಿಲ್ಲ. ಕಾಯಿಲ್ ಒಣಗಲಿ, ತಿಂಡಿ ತಿನ್ನಿ ಎಂದರು. ಮನೆಯ ಅಮ್ಮ ಕಡುಬು, ಕಳಲೆ ಪಲ್ಯ ತಂದಿಟ್ಟರು. ಬೆಳಿಗ್ಗೆ ತೀರ್ಥಹಳ್ಳಿಯ ಹೋಟೆಲಿನಲ್ಲಿ ತಿಂದ ರಬ್ಬರ್ ಇಡ್ಲಿಗೆ ಇದರ ಮುಂದೆ ಹೆಸರೇ ಇಲ್ಲ.

"ಈಗ ಬೇಕಾದಷ್ಟು ಒಳ್ಳೇ ಗಾಡಿ ಇದಾವಲ್ಲ. ಇದೆಂತಕ್ಕೆ?" ಎಂದು ಶುರು ಮಾಡಿದರು.

ಗೆಳೆಯರಿಗೆ ಹೇಳಿ ಹೇಳಿ ನಯವಾದ ಉತ್ತರಗಳು ನನ್ನಲ್ಲಿ ಬೇಕಾದಷ್ಟಿವೆ. ಒಂದನ್ನು ತೆಗೆದೆ. "ಆ ಶಬ್ದ ಕೇಳೋಕೇ ಒಂದು ಖುಷಿ, ಯಜಮಾನ್ರೆ."

"ಶಬ್ದ ಕೇಳದಾದ್ರೆ ಅಕ್ಕಿ ಗಿರಣಿ ಹತ್ರ ಕೂರಿ."

ಅವರದೂ ಒಂದು ಯೆಜ್ಡಿ ಇತ್ತಂತೆ. ಅಡಿಕೆ ಚೀಲ ಹಿಂದೆ ಕಟ್ಟಿಕೊಂಡು ತೀರ್ಥಹಳ್ಳಿ ಮಂಡಿಗೆ ಹೋಗಿದ್ದು, ಹೊಳೆ ಏರಿದಾಗ ಹೆಗಲು ಕೊಟ್ಟು ದಾಟಿಸಿದ್ದು, ಔಷಧಿ ಹೊಡೆಯುವ ಕಾಲಕ್ಕೆ ಮೈಲುತುತ್ತ ತಂದಿದ್ದು, ಎಲ್ಲ ಅದರಲ್ಲೇ. "ನಮಗದು ಕೆಲಸದ ಎತ್ತು. ಮುದ್ದು ಮಾಡಕ್ಕೆ ಪುರುಸೊತ್ತೆಲ್ಲಿತ್ತು? ಮಾರಿದ ದಿನ ನಿದ್ದೆ ಚಲೋ ಬಂತು ನೋಡಿ."

ಅಮ್ಮ ಬಾಗಿಲಲ್ಲೇ ನಿಂತಿದ್ದರು. "ಸೈಲೆನ್ಸರ್ ಕತೆ ಹೇಳಿ."

ಎಣ್ಣೆ ಉರಿದು ಸೈಲೆನ್ಸರಿನೊಳಗೆ ಕರಿ ಕಟ್ಟಿದರೆ ಟು ಸ್ಟ್ರೋಕ್ ಗಾಡಿ ಏರು ಹತ್ತುವುದಿಲ್ಲ. ಇವರು ಒಳಗಿನ ಕೊಳವೆ ಬಿಚ್ಚಿ ಬಚ್ಚಲ ಒಲೆಗೆ ತುರುಕಿ ಸುಡುತ್ತಿದ್ದರಂತೆ. "ದೀಪಾವಳಿಗೆ ಎಣ್ಣೆ ಸ್ನಾನದ ದಿನ ಮಗ ಬಂದು, ಅಮ್ಮಾ, ನೀರು ತೀರ್ಥಹಳ್ಳಿ ಬಸ್ಸಿನ ವಾಸ್ನೆ ಬರ್ತಿದೆ ಅಂದ" ಎಂದು ಅಮ್ಮ ಹೇಳುವಾಗ ಯಜಮಾನರು ಗಾಡಿಯ ಕಡೆ ನೋಡುತ್ತಿದ್ದರು.

ಮೂರನೇ ಕಿಕ್‌ಗೆ ಹಿಡಿಯಿತು. ಅಂಗಳ ತುಂಬ ನೀಲಿ ಹೊಗೆ. ನಾನು ಹಣದ ಮಾತು ಎತ್ತಲೇ ಇಲ್ಲ, ಎತ್ತಿದ್ದರೆ ಮರ್ಯಾದೆ ಹೋಗುತ್ತಿತ್ತು. ಅವರು ಹೇಳಿದ್ದು ಒಂದೇ: "ಘಾಟಿ ಇಳಿಯುವಾಗ ಆಕ್ಸಿಲೇಟರ್ ಪೂರ್ತಿ ಬಿಟ್ಕಂಡು ಜಾರಬೇಡಿ. ಇದಕ್ಕೆ ಎಣ್ಣೆ ಬರದು ಪೆಟ್ರೋಲ್ ಜೊತೆಗೆ. ಆಗಾಗ ಒಂಚೂರು ಕೊಡ್ತಾ ಇರಿ, ಇಲ್ದಿದ್ರೆ ಪಿಸ್ಟನ್ ಒಣಗ್ತದೆ." ಮರುದಿನ ಆಗುಂಬೆಯ 14 ತಿರುವುಗಳಲ್ಲೂ ಹಾಗೇ ಮಾಡಿದೆ.

ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದವನನ್ನು ಅವರ ಕೈ ತಡೆಯಿತು.

"ಪಾಯಿಂಟ್ ಸರಿ ಕೂತಿದ್ಯಾ ಅಂತ ಒಂದು ಸಲ ಓಡಿಸಿ ನೋಡದು ಒಳ್ಳೇದು."

ನಾನು ಹೆಲ್ಮೆಟ್ ಕೊಟ್ಟೆ. ಅವರು ಅದನ್ನು ಹಾಳೆ ಟೋಪಿಯ ಜಾಗಕ್ಕೆ ಏರಿಸಿಕೊಂಡು ಪಂಚೆ ಮೇಲೆ ಕಟ್ಟಿದರು. ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ. ಹೊಸದಾಗಿ ಕಲಿತವರು ಅದನ್ನು ನಂಬುವುದಿಲ್ಲ, ಎಡಗೈ ಹಿಡಿಯುತ್ತಲೇ ಇರುತ್ತಾರೆ. ಯಜಮಾನರ ಎಡಗೈ ಹ್ಯಾಂಡಲ್ ಮೇಲೆ ಸುಮ್ಮನೆ ಕೂತಿತ್ತು. ಎರಡನೇ ಗೇರು, ಮೂರನೇ ಗೇರು ಬಿದ್ದದ್ದು ತೋಟದಾಚೆಯಿಂದ ಕೇಳಿಸಿತು. ಆಮೇಲೆ ಶಬ್ದವೂ ಕರಗಿತು.

ಹತ್ತು ನಿಮಿಷ ಆಯಿತು. ಇಪ್ಪತ್ತಾಯಿತು. ಮಳೆ ಮತ್ತೆ ಹಿಡಿಯಿತು. "ಮೇಗರವಳ್ಳಿವರೆಗೂ ಹೋಗಿರ್ತಾರೆ ಬಿಡಿ" ಎಂದು ಅಮ್ಮ ಇನ್ನೊಂದು ಲೋಟ ಕಾಪಿ ತಂದುಕೊಟ್ಟರು.

ಕೊನೆಗೆ ಬಂದರು. ಮೊಣಕಾಲವರೆಗೆ ಕೆಸರು. ಹಿಂದಿನ ಸೀಟಿನಲ್ಲಿ ಅವರದೇ ವಯಸ್ಸಿನ ಇನ್ನೊಬ್ಬರು, ಇಬ್ಬರಿಗೂ ಸೇರಿಸಿ ಕೊಡೆ ಹಿಡಿದುಕೊಂಡು.

"ಇವ್ನೇ ಮಾರಾಯ್ರೆ ನನ್ನ ಗಾಡಿ ತಗಂಡಿದ್ದೋನು. ಎರಡೇ ವರ್ಷಕ್ಕೆ ಇಂಜಿನ್ ಜಾಮ್ ಮಾಡಿಟ್ಟ."

"ಎಣ್ಣೆ ಹಾಕದು ಮರ್ತಿದ್ದೆ ಅಂತ ಇನ್ನೆಷ್ಟು ಸಲ ಹೇಳದು?" ಎಂದರು ಹಿಂದೆ ಕೂತವರು, ಇಳಿಯುವ ಯೋಚನೆಯೇ ಇಲ್ಲದೆ.